‘ಹ್ಯಾಂಡ್ ಓವರ್’: ಸರಕು ಕೈ ದಾಟಿತು, ಹೊಣೆಯೂ ದಾಟಿತೆ?

ವ್ಯಾಪಾರಿ ಇಂಗ್ಲಿಷ್ ಪಾಠ

ಕೆಲವು ಮಳೆಗಾಲಗಳ ಹಿಂದೆ ಕುಮಟೆಯ ಅಡಿಕೆ ವರ್ತಕ ಮಿತ್ರರೊಬ್ಬರು ತಮ್ಮ ವಖಾರಿಯಲ್ಲಿ ನನ್ನ ಮುಂದೆ ಒಂದು ಪತ್ರದ ಪ್ರತಿಯನ್ನಿಟ್ಟು, ‘ಇದರಲ್ಲಿ ತಪ್ಪೇನಿದೆ ನೋಡಿ ಮಾಸ್ತರೇ’ ಎಂದರು. ನಲವತ್ತು ಚೀಲ ಹಳೆ ಚಾಲಿಯನ್ನು ಉತ್ತರ ಭಾರತದ ಖರೀದಿದಾರರೊಬ್ಬರಿಗೆ ಲಾರಿಯಲ್ಲಿ ರವಾನಿಸಿದ ದಿನವೇ ಅವರು ಬರೆದಿದ್ದ ಪತ್ರವದು. ಅದರ ಮುಖ್ಯ ವಾಕ್ಯ ಹೀಗಿತ್ತು: ‘ವೀ ಹ್ಯಾವ್ ಹ್ಯಾಂಡೋವರ್ಡ್ ಯುವರ್ ಗೂಡ್ಸ್ ಟುಡೇ.’ ಸರಕು ತಲುಪಿದಾಗ ಆರು ಚೀಲಗಳು ದಾರಿಯಲ್ಲಿ ನೆನೆದು ಬೂಷ್ಟು ಹಿಡಿದಿದ್ದವು. ‘ಒಪ್ಪಿಸಿದ್ದೇವೆಂದು ತಾವು ಬರೆದಿದ್ದೀರಿ, ಆ ದಿನ ನಮಗೆ ಯಾರೂ ಏನನ್ನೂ ಒಪ್ಪಿಸಿಲ್ಲ’ ಎಂದು ಖರೀದಿದಾರರು ಉತ್ತರಿಸಿದರು. ‘ಲಾರಿಗೆ ಏರಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು’ ಎಂಬುದು ಮಿತ್ರರ ವಾದ. ಪತ್ರಗಳು ಹೋದವು, ಬಂದವು. ಕೊನೆಗೆ ನಷ್ಟವನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಈ ವಾಗ್ವಾದದ ನಡುವೆ, ನಷ್ಟಕ್ಕೆ ನಿಜವಾಗಿ ಉತ್ತರ ಹೇಳಬೇಕಾಗಿದ್ದ ಸಾಗಣೆದಾರರಿಗೆ ನೋಟೀಸು ಕೊಡುವುದನ್ನು ಇಬ್ಬರೂ ಮರೆತಿದ್ದರು.

ಆ ಒಂದು ವಾಕ್ಯದಲ್ಲಿ ಎರಡು ದೋಷಗಳಿದ್ದವು. ಒಂದು ವ್ಯಾಕರಣದ್ದು, ಅದರಿಂದ ಯಾರಿಗೂ ಚಿಕ್ಕಾಸಿನ ಹಾನಿಯಾಗಲಿಲ್ಲ. ಇನ್ನೊಂದು ಅರ್ಥದ್ದು; ಅದರ ಬೆಲೆ ಮೂರು ಚೀಲ ಚಾಲಿ. ಈ ತಿಂಗಳ ಪಾಠದಲ್ಲಿ ‘ಹ್ಯಾಂಡ್ ಓವರ್’ ಎಂಬ ಈ ಜೋಡಿ ಕ್ರಿಯಾಪದವನ್ನು ಎರಡೂ ಕಡೆಯಿಂದ ಪರಿಶೀಲಿಸೋಣ.

ಮೊದಲು ರೂಪ

ಇಂಗ್ಲಿಷಿನಲ್ಲಿ ಒಂದು ಸರಳ ಕ್ರಿಯಾಪದಕ್ಕೆ ‘ಓವರ್’, ‘ಆನ್’, ‘ಆಫ್’, ‘ಇನ್’, ‘ಔಟ್’ ಮುಂತಾದ ಒಂದು ಚಿಕ್ಕ ಪದವನ್ನು ಸೇರಿಸಿ ಹೊಸ ಅರ್ಥವನ್ನು ಪಡೆಯುವ ಪದ್ಧತಿಯಿದೆ. ನಮ್ಮಲ್ಲಿ ‘ಬಿಡು’ ಎಂಬುದು ‘ಬಿಟ್ಟುಕೊಡು’ ಆದಾಗ ಅರ್ಥ ಬದಲಾಗುವಂತೆ ಇದು ಎಂದು ಸ್ಥೂಲವಾಗಿ ತಿಳಿಯಬಹುದು. ‘ಹ್ಯಾಂಡ್’ ಎಂದರೆ ಕೈ, ಕ್ರಿಯಾಪದವಾಗಿ ಕೈಗೆ ಕೊಡು. ‘ಓವರ್’ ಸೇರಿದಾಗ ಈ ಕಡೆಯ ಕೈಯಿಂದ ಆ ಕಡೆಯ ಕೈಗೆ ದಾಟಿಸು. ಕನ್ನಡದ ‘ಹಸ್ತಾಂತರ’ ಎಂಬ ಪದ ಇದೇ ಚಿತ್ರವನ್ನು ಕೊಡುತ್ತದೆ.

ಕ್ರಿಯಾಪದವಾಗಿ ಇದು ಎರಡು ಪದಗಳು. ಭೂತಕಾಲದಲ್ಲಿ ಬದಲಾಗುವುದು ಮೊದಲನೆಯ ಪದ: ‘ಹ್ಯಾಂಡೆಡ್ ಓವರ್’. ‘ಹ್ಯಾಂಡೋವರ್ಡ್’ ಎಂಬ ರೂಪವು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಆದರೂ ಅದು ನಮ್ಮ ಕಚೇರಿ ಪತ್ರಗಳಲ್ಲಿ, ಸರಕು ಪಟ್ಟಿಗಳಲ್ಲಿ, ಬ್ಯಾಂಕುಗಳ ರಿಜಿಸ್ಟರುಗಳಲ್ಲಿಯೂ ನಿರಾತಂಕವಾಗಿ ಓಡಾಡುತ್ತಿದೆ. ಒಂದೇ ಪದವಾಗಿ ಕೂಡಿಸಿ ಬರೆದ ‘ಹ್ಯಾಂಡೋವರ್’ ನಾಮಪದ. ಅದರ ಅರ್ಥ ಹಸ್ತಾಂತರ. ‘ದ ಹ್ಯಾಂಡೋವರ್ ಟುಕ್ ಪ್ಲೇಸ್ ಅಟ್ ಹೊನ್ನಾವರ’ ಎಂದರೆ ಹಸ್ತಾಂತರವು ಹೊನ್ನಾವರದಲ್ಲಿ ನಡೆಯಿತು.

ಕೊಡುವ ವಸ್ತುವಿನ ಹೆಸರನ್ನು ‘ಓವರ್’ನ ಆಚೆಗಾಗಲಿ ಈಚೆಗಾಗಲಿ ಇಡಬಹುದು. ‘ಹ್ಯಾಂಡ್ ಓವರ್ ದ ಗೂಡ್ಸ್’ ಸರಿ, ‘ಹ್ಯಾಂಡ್ ದ ಗೂಡ್ಸ್ ಓವರ್’ ಕೂಡ ಸರಿ. ಆದರೆ ಹೆಸರಿನ ಬದಲು ‘ಇಟ್’, ‘ದೆಮ್’ ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಕುಳಿತುಕೊಳ್ಳಬೇಕು: ‘ಹ್ಯಾಂಡ್ ಇಟ್ ಓವರ್’, ‘ಹ್ಯಾಂಡ್ ದೆಮ್ ಓವರ್’. ‘ಹ್ಯಾಂಡ್ ಓವರ್ ಇಟ್’ ಎಂದು ಬರೆಯಬಾರದು. ಪಡೆಯುವವರ ಹೆಸರಿನ ಹಿಂದೆ ‘ಟು’ ಬರುತ್ತದೆ.

ಕಾಲದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಮುಗಿದ ದಿನದ ತಾರೀಖನ್ನು ಹೇಳಿದ ವಾಕ್ಯದಲ್ಲಿ ‘ಹ್ಯಾವ್’ ಸೇರಿಸುವಂತಿಲ್ಲ. ‘ವೀ ಹ್ಯಾವ್ ಹ್ಯಾಂಡೆಡ್ ಓವರ್ ದ ಗೂಡ್ಸ್ ಆನ್ ಟ್ವೆಲ್ಫ್ತ್ ಜುಲೈ’ ಎಂಬುದು ಕಿವಿಗೆ ಗಂಭೀರವಾಗಿ ಕೇಳಿಸಿದರೂ ತಪ್ಪು; ‘ಹ್ಯಾವ್’ ಬಿಟ್ಟು ಬರೆದರೆ ಸರಿ. ವ್ಯಾಪಾರಕ್ಕೆ ತಾರೀಖು ಅಗತ್ಯವಾದ್ದರಿಂದ ‘ಹ್ಯಾವ್’ ಅನ್ನು ಬಿಡುವುದೇ ಲೇಸು.

ಯಾರಿಗೆ ಒಪ್ಪಿಸಿದ್ದು?

ಈಗ ಎರಡನೆಯ ದೋಷಕ್ಕೆ ಬರೋಣ. ಮಿತ್ರರ ವಾಕ್ಯದಲ್ಲಿ ‘ಟು’ ಇರಲಿಲ್ಲ. ಸರಕನ್ನು ಯಾರಿಗೆ ಒಪ್ಪಿಸಲಾಯಿತು ಎಂಬುದನ್ನು ಅವರು ಹೇಳಿರಲಿಲ್ಲ. ಲಾರಿಯವರಿಗೆ ಎಂಬುದು ಅವರ ಮನಸ್ಸಿನಲ್ಲಿತ್ತು, ಪತ್ರದಲ್ಲಿರಲಿಲ್ಲ.

ಕನ್ನಡದ ‘ಒಪ್ಪಿಸು’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ‘ಒಪ್ಪು’ ಧಾತುವಿನ ಪ್ರೇರಣಾರ್ಥಕ ರೂಪ. ತೆಗೆದುಕೊಳ್ಳುವವನು ಒಪ್ಪಿ ತೆಗೆದುಕೊಂಡಾಗಲೇ ‘ಒಪ್ಪಿಸಿದ್ದು’ ಪೂರ್ಣವಾಗುತ್ತದೆ ಎಂಬ ಭಾವ ಅದರಲ್ಲಿಯೇ ಅಡಗಿದೆ. ಇಂಗ್ಲಿಷಿನ ‘ಹ್ಯಾಂಡ್ ಓವರ್’ಗೆ ಈ ಭಾರವಿಲ್ಲ. ಅದು ಹೇಳುವುದು ವಸ್ತು ಒಬ್ಬರ ವಶದಿಂದ ಇನ್ನೊಬ್ಬರ ವಶಕ್ಕೆ ಹೋಯಿತು ಎಂಬಷ್ಟನ್ನೇ. ವಸ್ತು ಯಾರದ್ದಾಯಿತು, ನಷ್ಟ ಯಾರ ತಲೆಗೆ, ಹಣ ಯಾವಾಗ ಸಲ್ಲಬೇಕು ಎಂಬುದನ್ನೆಲ್ಲ ಅದು ಹೇಳುವುದಿಲ್ಲ. ನಾವು ಮನಸ್ಸಿನಲ್ಲಿ ‘ಒಪ್ಪಿಸಿದೆ’ ಎಂದುಕೊಂಡು ಕಾಗದದ ಮೇಲೆ ‘ಹ್ಯಾಂಡೆಡ್ ಓವರ್’ ಎಂದು ಬರೆಯುತ್ತೇವೆ; ಮೊದಲನೆಯದರ ಪೂರ್ಣತೆ ಎರಡನೆಯದರಲ್ಲಿಯೂ ಇದೆಯೆಂದು ಭ್ರಮಿಸುತ್ತೇವೆ.

ಕುತೂಹಲದ ಸಂಗತಿಯೆಂದರೆ, ನಮ್ಮ ಊರಿನ ದಸ್ತಾವೇಜು ಬರಹಗಾರರು ಈ ಗೊಂದಲಕ್ಕೆ ಎಂದೂ ಸಿಲುಕಿದವರಲ್ಲ. ಖರೇದಿ ಪತ್ರದಲ್ಲಿ ಹಕ್ಕಿನ ಮಾತು ಒಂದು ಕಡೆ, ಕಬ್ಜಾ ಅಥವಾ ಸ್ವಾಧೀನದ ಮಾತು ಇನ್ನೊಂದು ಕಡೆ ಪ್ರತ್ಯೇಕವಾಗಿ ಬರುತ್ತದೆ. ‘ಪರಭಾರೆ’ ಎಂದರೆ ಹಕ್ಕಿನ ವರ್ಗಾವಣೆ. ‘ಸ್ವಾಧೀನಕ್ಕೆ ಬಿಟ್ಟುಕೊಡುವುದು’ ಎಂದರೆ ವಶದ ವರ್ಗಾವಣೆ. ಅದೇ ಮನುಷ್ಯ ವಖಾರಿಗೆ ಬಂದು ಇಂಗ್ಲಿಷ್ ಪತ್ರ ಬರೆಯಲು ಕುಳಿತರೆ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ!

1930ರ ಸರಕು ಮಾರಾಟ ಕಾಯ್ದೆಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಇರಿಸಿದೆ. ಅದರ 2ನೆಯ ಕಲಮಿನ ಪ್ರಕಾರ ‘ಡೆಲಿವರಿ’ ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ಸ್ವಇಚ್ಛೆಯಿಂದ ಆಗುವ ಸ್ವಾಧೀನದ ವರ್ಗಾವಣೆ. ಒಡೆತನ ಯಾವಾಗ ದಾಟುತ್ತದೆ ಎಂಬುದು ಬೇರೆ ಪ್ರಶ್ನೆ; ನಿರ್ದಿಷ್ಟ ಸರಕಿನ ವಿಷಯದಲ್ಲಿ ಉಭಯ ಪಕ್ಷಗಳು ಯಾವಾಗ ದಾಟಬೇಕೆಂದು ಉದ್ದೇಶಿಸಿದ್ದರೋ ಆಗ ಎಂದು 19ನೆಯ ಕಲಮು ಹೇಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ ನಷ್ಟದ ಹೊಣೆಯು ಒಡೆತನದ ಬೆನ್ನು ಹತ್ತಿ ಹೋಗುತ್ತದೆ ಎಂಬುದು 26ನೆಯ ಕಲಮು.

ಹಾಗಾದರೆ ಲಾರಿಗೆ ಏರಿಸಿದ ಸರಕಿನ ಗತಿಯೇನು? ಕರಾರಿನಂತೆ ಸರಕನ್ನು ಖರೀದಿದಾರನಿಗೆ ಕಳುಹಿಸಬೇಕಾಗಿದ್ದಾಗ, ಸಾಗಣೆದಾರನಿಗೆ ಕೊಟ್ಟದ್ದನ್ನು ಮೇಲ್ನೋಟಕ್ಕೆ ಖರೀದಿದಾರನಿಗೇ ಕೊಟ್ಟಂತೆ ಎಂದು 39ನೆಯ ಕಲಮು ಪರಿಗಣಿಸುತ್ತದೆ. ಅಂದರೆ ಮಿತ್ರರ ವಾದದಲ್ಲಿ ಹುರುಳಿತ್ತು. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಮಾರಾಟಗಾರನು ಖರೀದಿದಾರನ ಪರವಾಗಿ ಸಾಗಣೆದಾರನೊಡನೆ ಸರಕಿನ ಸ್ವರೂಪಕ್ಕೆ ತಕ್ಕ, ಯುಕ್ತವಾದ ಕರಾರನ್ನು ಮಾಡಿಕೊಳ್ಳಬೇಕು. ಮಾಡದೆ ಸರಕು ಹಾಳಾದರೆ ಖರೀದಿದಾರನು ಅದನ್ನು ತನಗೆ ಕೊಟ್ಟದ್ದೆಂದು ಒಪ್ಪಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಕರಾವಳಿಯಿಂದ ಹೊರಡುವ ಲಾರಿಗೆ ಸರಿಯಾದ ತಾಡಪಾಲು ಇತ್ತೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಲಾರಿಯನ್ನು ಗೊತ್ತುಮಾಡಿದವರು ಮಿತ್ರರೇ. ಅದರ ಸ್ಥಿತಿಯ ಕುರಿತು ಅವರ ಬಳಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ.

ಸಾಗಣೆದಾರನ ಹೊಣೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೆಯ ಕಲಮಿನಂತೆ, ಸರಕಿನ ನಷ್ಟ ಅಥವಾ ಹಾನಿಗಾಗಿ ದಾವೆ ಹೂಡಬೇಕಾದರೆ, ಅದಕ್ಕೆ ಮುಂಚೆ, ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗಾಗಿ ಸಾಗಣೆದಾರನಿಗೆ ಲಿಖಿತ ನೋಟೀಸು ತಲುಪಿರಬೇಕು. ಎಣಿಕೆ ಆರಂಭವಾಗುವುದು ಬುಕ್ ಮಾಡಿದ ದಿನದಿಂದ, ಹಾನಿ ಕಂಡ ದಿನದಿಂದಲ್ಲ. ಪತ್ರದಲ್ಲಿ ‘ಟುಡೇ’ ಎನ್ನದೆ ತಾರೀಖನ್ನೇ ಬರೆಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

‘ಹ್ಯಾಂಡೆಡ್ ಓವರ್’ ಎಂಬ ಮಾತು ಕಾನೂನಿನ ಪುಸ್ತಕದಲ್ಲಿಯೇ ಬರುವ ಒಂದು ಸ್ಥಳವನ್ನು ನಮ್ಮ ವರ್ತಕರು ನಿತ್ಯವೂ ಹಾದುಹೋಗುತ್ತಾರೆ. ಜಿ.ಎಸ್.ಟಿ. ನಿಯಮಾವಳಿಯ 138ನೆಯ ನಿಯಮ, ಅಂದರೆ ಇ-ವೇ ಬಿಲ್ಲಿನ ನಿಯಮ, ರಸ್ತೆ ಸಾಗಣೆಗಾಗಿ ಸರಕನ್ನು ‘ಹ್ಯಾಂಡೆಡ್ ಓವರ್ ಟು ಎ ಟ್ರಾನ್ಸ್‌ಪೋರ್ಟರ್’ ಆದ ಸಂದರ್ಭವನ್ನು ಹೆಸರಿಸಿ, ಆಗ ಸಾಗಣೆದಾರನ ವಿವರವನ್ನು ಯಾರು ತುಂಬಬೇಕು, ಬಿಲ್ಲನ್ನು ಯಾರು ಸೃಷ್ಟಿಸಬೇಕು ಎಂದು ಹೇಳುತ್ತದೆ. ಅಲ್ಲಿ ‘ಟು’ ತಪ್ಪದೆ ಇದೆ ಎಂಬುದನ್ನು ವಾಚಕರು ಗಮನಿಸಬೇಕು.

ಹೊರದೇಶಕ್ಕೆ ಸರಕು ಕಳುಹಿಸುವವರಿಗೆ ಈ ಮಾತು ಇನ್ನೂ ಮುಖ್ಯ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಇನ್‌ಕೋಟರ್ಮ್ಸ್ 2020’ ನಿಯಮಗಳಲ್ಲಿ ‘ಸಿ.ಪಿ.ಟಿ.’ ಎಂಬ ಷರತ್ತಿದೆ. ಅದರಲ್ಲಿ ಗುರಿ ಸ್ಥಳದವರೆಗಿನ ಸಾಗಣೆ ವೆಚ್ಚವನ್ನು ಕೊಡುವವನು ಮಾರಾಟಗಾರ. ಆದರೆ ಅವನು ಸರಕನ್ನು ಸಾಗಣೆದಾರನಿಗೆ ‘ಹ್ಯಾಂಡ್ ಓವರ್’ ಮಾಡಿದೊಡನೆ ಡೆಲಿವರಿ ಪೂರ್ಣವಾಗಿ, ನಷ್ಟದ ಹೊಣೆ ಖರೀದಿದಾರನದಾಗುತ್ತದೆ. ‘ಬಾಡಿಗೆ ಕೊಟ್ಟವನದೇ ಹೊಣೆ’ ಎಂಬ ನಮ್ಮ ಪೇಟೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಕಾಗದ ಕೈ ದಾಟಿದಾಗ

ಕೆಲವೊಮ್ಮೆ ಸರಕು ಇದ್ದಲ್ಲಿಯೇ ಇರುತ್ತದೆ, ಕೈ ದಾಟುವುದು ಕಾಗದ ಮಾತ್ರ. ಗೋದಾಮಿನಲ್ಲಿ ಇಟ್ಟ ಸರಕನ್ನು ಮಾರಿ, ಬೀಗದ ಕೈಯನ್ನೋ ಚೀಟಿಯನ್ನೋ ಖರೀದಿದಾರನಿಗೆ ಕೊಡುವ ರೂಢಿ ನಮ್ಮಲ್ಲಿ ಇದೆ. ಸರಕು ಮೂರನೆಯವರ ವಶದಲ್ಲಿದ್ದರೆ, ‘ಇನ್ನು ಮುಂದೆ ಇದನ್ನು ತಮ್ಮ ಪರವಾಗಿ ಇಟ್ಟುಕೊಂಡಿದ್ದೇನೆ’ ಎಂದು ಆ ಮೂರನೆಯವರು ಖರೀದಿದಾರನಿಗೆ ಒಪ್ಪಿಕೊಳ್ಳುವವರೆಗೆ ಡೆಲಿವರಿ ಆಗಲಿಲ್ಲ ಎಂದು ಸರಕು ಮಾರಾಟ ಕಾಯ್ದೆಯ 36ನೆಯ ಕಲಮು ವಿಧಿಸುತ್ತದೆ. ಹಕ್ಕುಪತ್ರಗಳ ವರ್ಗಾವಣೆಗೆ ಮಾತ್ರ ಇದು ಬಾಧಕವಲ್ಲ. ಆದುದರಿಂದ ‘ಕೀ ಹ್ಯಾಸ್ ಬೀನ್ ಹ್ಯಾಂಡೆಡ್ ಓವರ್’ ಎಂದು ಬರೆದು ಸುಮ್ಮನಾಗದೆ, ಗೋದಾಮಿನವರಿಂದ ಒಂದು ಸಾಲನ್ನು ಬರೆಯಿಸಿಕೊಳ್ಳಬೇಕು.

ರೈಲ್ವೆ ರಸೀದಿಯ ಗತ್ತು ಬೇರೆಯೇ. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ 1998ರಿಂದ ಕುಮಟಾ, ಹೊನ್ನಾವರ, ಭಟ್ಕಳಗಳ ವರ್ತಕರಿಗೆ ಈ ಕಾಗದದ ಪರಿಚಯ ಹತ್ತಿರವಾಯಿತು. 1989ರ ರೈಲ್ವೆ ಕಾಯ್ದೆಯ 74ನೆಯ ಕಲಮಿನಂತೆ, ರೈಲ್ವೆ ರಸೀದಿಯನ್ನು ಪಡೆಯುವವನಿಗೆ ಅಥವಾ ಹಿಂಬರಹದ ಮೂಲಕ ಅದನ್ನು ಪಡೆದವನಿಗೆ ಕೊಟ್ಟೊಡನೆ ಆ ಸರಕಿನ ಒಡೆತನವೇ ಅವನಿಗೆ ದಾಟುತ್ತದೆ. ಕಳುಹಿಸಿದವನ ಹಕ್ಕು-ಹೊಣೆಗಳೂ ಅವನವಾಗುತ್ತವೆ. ಇಲ್ಲಿ ಕಾಗದವನ್ನು ಹ್ಯಾಂಡ್ ಓವರ್ ಮಾಡುವುದೂ ಸರಕನ್ನು ಪರಭಾರೆ ಮಾಡುವುದೂ ಒಂದೇ ಕ್ಷಣದ ಕೆಲಸ. ಹಣ ಬಾರದೆ ರಸೀದಿಯನ್ನು ನೇರವಾಗಿ ಅಂಚೆಯಲ್ಲಿ ಕಳುಹಿಸುವವರು ಇದನ್ನು ಎರಡು ಸಲ ಓದಬೇಕು.

ಲಾರಿ ರಸೀದಿಗೆ, ನಮ್ಮ ಪೇಟೆಯ ಮಾತಿನಲ್ಲಿ ಬಿಲ್ಟಿಗೆ, ಇದೇ ಬಲವಿದೆ ಎಂದು ಭಾವಿಸಬಾರದು. ಸರಕು ಮಾರಾಟ ಕಾಯ್ದೆಯು ಹಕ್ಕುಪತ್ರಗಳನ್ನು ವಿವರಿಸುವಾಗ ರೈಲ್ವೆ ರಸೀದಿಯನ್ನು ಹೆಸರು ಹಿಡಿದು ಹೇಳಿದೆ. ಲಾರಿ ರಸೀದಿಯ ಹೆಸರು ಅಲ್ಲಿಲ್ಲ. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮಾನ್ಯ ಮಾಡಿದ ಸಾಗಣೆದಾರರ ರಸೀದಿಯನ್ನೇ ಬ್ಯಾಂಕುಗಳು ಕೇಳುವುದರ ಹಿನ್ನೆಲೆಯಲ್ಲಿ ಈ ಎಚ್ಚರಿಕೆಯಿದೆ.

ಬ್ಯಾಂಕಿನ ಮೂಲಕ ಕಾಗದ ಕಳುಹಿಸುವಾಗ ಬರುವ ‘ಹ್ಯಾಂಡ್ ಓವರ್ ಎಗೆನ್‌ಸ್ಟ್ ಪೇಮೆಂಟ್’ ಎಂಬ ಪ್ರಯೋಗದಲ್ಲಿ ‘ಎಗೆನ್‌ಸ್ಟ್’ ಎಂದರೆ ವಿರುದ್ಧ ಎಂದಲ್ಲ, ಪ್ರತಿಯಾಗಿ ಎಂದರ್ಥ: ಹಣ ಪಡೆದು ಕಾಗದ ಕೊಡಿ. ಇದನ್ನೇ ‘ಡಿ.ಪಿ.’ ಎನ್ನುತ್ತಾರೆ. ‘ಡಿ.ಎ.’ ಎಂದಿದ್ದರೆ ಖರೀದಿದಾರನು ಹುಂಡಿಯನ್ನು ಸ್ವೀಕರಿಸಿ ಸಹಿ ಹಾಕಿದೊಡನೆ ಕಾಗದ ಅವನ ಕೈಗೆ ಹೋಗುತ್ತದೆ, ಹಣ ಆಮೇಲೆ. ಒಂದಕ್ಷರದ ವ್ಯತ್ಯಾಸದಲ್ಲಿ ಮೂರು ತಿಂಗಳ ನಿದ್ರೆ ಕೆಡಬಹುದು.

ಹಣ ಬಾರದೆಯೇ ಸರಕು ಹೊರಟಿದ್ದರೆ ಎಲ್ಲವೂ ಮುಗಿಯಿತೆಂದೇನೂ ಅಲ್ಲ. ಒಡೆತನ ದಾಟಿದ್ದರೂ, ಸರಕು ಇನ್ನೂ ದಾರಿಯಲ್ಲಿರುವಾಗ ಖರೀದಿದಾರನು ದಿವಾಳಿಯಾದನೆಂದು ತಿಳಿದುಬಂದರೆ, ಹಣ ಬಾರದ ಮಾರಾಟಗಾರನು ಸರಕನ್ನು ತಡೆದು ಮರಳಿ ವಶಕ್ಕೆ ತೆಗೆದುಕೊಳ್ಳಬಹುದು. ಅದು 50ನೆಯ ಕಲಮು ಕೊಟ್ಟ ಹಕ್ಕು. ಸಾಗಣೆದಾರನು ಸರಕನ್ನು ಖರೀದಿದಾರನಿಗೆ ಹ್ಯಾಂಡ್ ಓವರ್ ಮಾಡಿದೊಡನೆ ಈ ಹಕ್ಕು ಮುಗಿಯುತ್ತದೆ.

ಕೊಟ್ಟೂ ಕೊಡದಿರುವುದು

ಸಣ್ಣ ಉತ್ಪಾದಕರಿಗೆ ಸಂಬಂಧಿಸಿದ ಒಂದು ಸಂದರ್ಭ. ಹೊನ್ನಾವರದ ಗೋಡಂಬಿ ಉದ್ಯಮಿಯೊಬ್ಬರು ಕಚ್ಚಾ ಗೇರುಬೀಜವನ್ನು ಸಂಸ್ಕರಣೆಗಾಗಿ ಮತ್ತೊಂದು ಘಟಕಕ್ಕೆ ಕಳುಹಿಸುತ್ತಾರೆ ಎಂದುಕೊಳ್ಳೋಣ. ಸರಕು ಕೈ ದಾಟಿದೆ, ಒಡೆತನ ಒಂದಂಗುಲವೂ ಸರಿದಿಲ್ಲ. 1872ರ ಕರಾರು ಕಾಯ್ದೆಯ 148ನೆಯ ಕಲಮಿನಲ್ಲಿ ಇದಕ್ಕೆ ‘ಬೇಲ್‌ಮೆಂಟ್’ ಎಂಬ ಹೆಸರಿದೆ: ಒಂದು ಉದ್ದೇಶಕ್ಕಾಗಿ ಕೊಟ್ಟದ್ದು, ಉದ್ದೇಶ ಮುಗಿದ ಮೇಲೆ ಮರಳಬೇಕಾದದ್ದು. ಇಲ್ಲಿ ‘ಹ್ಯಾಂಡೆಡ್ ಓವರ್ ಟು’ ಎಂದ ಬಳಿಕ ‘ಫಾರ್ ಪ್ರೊಸೆಸಿಂಗ್ ಅಂಡ್ ರಿಟರ್ನ್’ ಎಂಬ ಮಾತುಗಳನ್ನು ಸೇರಿಸಲೇಬೇಕು. ಜಾಬ್ ವರ್ಕಿಗೆ ಕಳುಹಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ಮರಳದಿದ್ದರೆ ಅಥವಾ ಅಲ್ಲಿಂದಲೇ ಮಾರಾಟವಾಗದಿದ್ದರೆ, ಕಳುಹಿಸಿದ ದಿನವೇ ಪೂರೈಸಿದಂತೆ ಎಂದು ಜಿ.ಎಸ್.ಟಿ. ಕಾಯ್ದೆಯ 143ನೆಯ ಕಲಮು ಪರಿಗಣಿಸುತ್ತದೆ. ದೋಣಿಯ ಎಂಜಿನನ್ನು ದುರಸ್ತಿಗೆ ಕೊಡುವ ಮೀನುಗಾರ ಬಂಧುಗಳಿಗೂ ಇದೇ ವಾಕ್ಯ ಸಲ್ಲುತ್ತದೆ, ‘ಫಾರ್ ರಿಪೇರ್ ಅಂಡ್ ರಿಟರ್ನ್’ ಎಂದು ಬದಲಿಸಿಕೊಂಡರಾಯಿತು.

‘ಮೇಕ್ ಓವರ್’ ಮತ್ತು ನಮ್ಮ ಜಿಲ್ಲೆ

ವಶದೊಂದಿಗೆ ಹಕ್ಕನ್ನೂ ದಾಟಿಸುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, ‘ಮೇಕ್ ಓವರ್’. ಭೂತಕಾಲದಲ್ಲಿ ‘ಮೇಡ್ ಓವರ್’. (ಸೌಂದರ್ಯ ಮಂದಿರಗಳ ಫಲಕದಲ್ಲಿ ಕಾಣುವ ‘ಮೇಕೋವರ್’ ಬೇರೆ, ಅದು ಮುಖದ ವಿಷಯ.)

ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿಯ ಆಡಳಿತಕ್ಕೆ ಬಂದ ಕೆನರಾ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದರ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಹತ್ತಿಯ ವ್ಯಾಪಾರವೂ ಕಾರವಾರ ಬಂದರಿನ ಅಭಿವೃದ್ಧಿಯ ವಿಚಾರವೂ ಅದರ ಹಿಂದಿದ್ದವು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿದ್ದ ಕಾಲವದು. ಆ ಹತ್ತಿಯ ತಳಿಗೇ ‘ಕುಮ್ಟಾ’ ಎಂಬ ಹೆಸರು ಪೇಟೆಯಲ್ಲಿ ನಿಂತಿತು. 1880ರ ದಶಕದಲ್ಲಿ ಮಾರ್ಮಗೋವಾ ಬಂದರಿಗೆ ರೈಲು ಬಂದ ಬಳಿಕ ಕುಮಟೆಯ ಹತ್ತಿ ವ್ಯಾಪಾರ ಕುಗ್ಗಿತು, ಹೆಸರು ಮಾತ್ರ ಉಳಿಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಂಥ ವರ್ಗಾವಣೆಯನ್ನು ‘ದ ಡಿಸ್ಟ್ರಿಕ್ಟ್ ವಾಸ್ ಮೇಡ್ ಓವರ್ ಟು ಬಾಂಬೆ’ ಎಂದು ಬರೆಯಬೇಕು: ಕಂದಾಯ, ಅಧಿಕಾರ, ಹೊಣೆ ಎಲ್ಲವೂ ಹೋದವು. ಆಗ ಒಬ್ಬ ಕಲೆಕ್ಟರು ಇನ್ನೊಬ್ಬರಿಗೆ ಖಜಾನೆಯ ಕೀಲಿಕೈ ಕೊಟ್ಟದ್ದನ್ನು ಹೇಳುವುದಾದರೆ ಅದು ‘ಹ್ಯಾಂಡೆಡ್ ಓವರ್ ಚಾರ್ಜ್’. ಖಜಾನೆ ಇಬ್ಬರದೂ ಅಲ್ಲ.

ಭಟ್ಕಳದ ಅನೇಕ ಕುಟುಂಬಗಳಲ್ಲಿ ದುಡಿಯುವವರು ಗಲ್ಫ್ ದೇಶಗಳಲ್ಲಿದ್ದು, ಅಂಗಡಿ-ಮನೆಗಳ ವ್ಯವಹಾರವನ್ನು ಊರಿನಲ್ಲಿರುವ ಸಹೋದರರು ನೋಡಿಕೊಳ್ಳುವುದು ಸಾಮಾನ್ಯ. ಅದಕ್ಕಾಗಿ ಮುಖ್ತಿಯಾರ ಪತ್ರ ಕಳುಹಿಸುತ್ತಾರೆ. ಅದರಿಂದ ವ್ಯವಹಾರ ಹ್ಯಾಂಡ್ ಓವರ್ ಆಗುತ್ತದೆ, ಆಸ್ತಿ ಮೇಕ್ ಓವರ್ ಆಗುವುದಿಲ್ಲ. ಮುಖ್ತಿಯಾರ ಪತ್ರದ ಮೂಲಕ ನಡೆಸಿದ ‘ಮಾರಾಟ’ದಿಂದ ಸ್ಥಿರಾಸ್ತಿಯ ಹಕ್ಕು ದಾಟುವುದಿಲ್ಲ, ನೋಂದಾಯಿತ ಖರೇದಿ ಪತ್ರವೇ ಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸ್ಪಷ್ಟಪಡಿಸಿತು. ಇದಕ್ಕೆ ಪ್ರತಿಯಾದ ಸಂದರ್ಭವೂ ಇದೆ. ಮುಸ್ಲಿಂ ವೈಯಕ್ತಿಕ ಕಾನೂನಿನ ಹಿಬಾದಲ್ಲಿ ಘೋಷಣೆ, ಸ್ವೀಕಾರ, ಸ್ವಾಧೀನ ಕೊಡುವಿಕೆ ಮೂರೂ ಬೇಕು. ಹ್ಯಾಂಡ್ ಓವರ್ ನಡೆಯದ ಹೊರತು ಅಲ್ಲಿ ದಾನವೇ ಪೂರ್ಣವಾಗುವುದಿಲ್ಲ.

‘ಪಾಸ್ ಆನ್’, ‘ಪಾಸ್ ಆಫ್’ ಮತ್ತು ಇತರ ನೆಂಟರು

‘ಪಾಸ್ ಆನ್’ ಎಂದರೆ ತನಗೆ ಬಂದದ್ದನ್ನು ಮುಂದಿನವರಿಗೆ ದಾಟಿಸುವುದು. ತೆರಿಗೆ ಇಳಿದಾಗ ಅದರ ಲಾಭವನ್ನು ಬೆಲೆ ಇಳಿಸುವ ಮೂಲಕ ಗ್ರಾಹಕನಿಗೆ ‘ಪಾಸ್ಡ್ ಆನ್’ ಮಾಡತಕ್ಕದ್ದು ಎಂಬ ಮಾತು 2017ರ ಜಿ.ಎಸ್.ಟಿ. ಕಾಯ್ದೆಯ 171ನೆಯ ಕಲಮಿನಲ್ಲಿದೆ. ‘ಆನ್’ ಬದಲು ‘ಆಫ್’ ಬರೆದರೆ ಅನರ್ಥ. ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವುದು ‘ಪಾಸಿಂಗ್ ಆಫ್’. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಲ್ಲಿ ಈ ಹೆಸರಿನ ದಾವೆಯ ಪ್ರಸ್ತಾಪವಿದೆ. ಬೇರೆ ಊರಿನ ಮೊಗ್ಗನ್ನು ಭಟ್ಕಳ ಮಲ್ಲಿಗೆಯೆಂದು ಮಾರುವವನು ಮಾಡುವುದು ಇದನ್ನೇ. ‘ವೀ ಪಾಸ್ಡ್ ಆಫ್ ದ ಗೂಡ್ಸ್ ಟು ದ ಬೈಯರ್’ ಎಂದು ಬರೆದ ಪ್ರಾಮಾಣಿಕ ವರ್ತಕನು ತಾನು ಮಾಡದ ಮೋಸವನ್ನು ತಾನೇ ಒಪ್ಪಿಕೊಂಡಂತಾಯಿತು!

ಉಳಿದವುಗಳನ್ನು ಬೇಗನೆ ನೋಡೋಣ. ಅರ್ಜಿ, ಟೆಂಡರುಗಳನ್ನು ಕಚೇರಿಗೆ ಸಲ್ಲಿಸುವುದು ‘ಹ್ಯಾಂಡ್ ಇನ್’. ಕರಪತ್ರ, ಮಾದರಿಗಳನ್ನು ಹಲವರಿಗೆ ಹಂಚುವುದು ‘ಹ್ಯಾಂಡ್ ಔಟ್’. ಪಡೆದದ್ದನ್ನು ಮರಳಿ ಕೊಡುವುದು ‘ಹ್ಯಾಂಡ್ ಬ್ಯಾಕ್’. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಗಂಧದ ಕೆತ್ತನೆಯ ವಿದ್ಯೆಯಂಥದ್ದು ‘ಹ್ಯಾಂಡೆಡ್ ಡೌನ್’. ‘ಟೇಕ್ ಓವರ್’ ಎಂಬುದು ಪಡೆಯುವವನ ಕಡೆಯಿಂದ ಹೇಳುವ ಮಾತು, ವಹಿಸಿಕೊಳ್ಳು. ‘ಟರ್ನ್ ಓವರ್’ಗೂ ಒಪ್ಪಿಸು ಎಂಬ ಅರ್ಥವಿದೆಯಾದರೂ, ವಹಿವಾಟಿನ ಮೊತ್ತ ಎಂಬ ಅರ್ಥವೇ ನಮ್ಮ ಪೇಟೆಯಲ್ಲಿ ಗಟ್ಟಿಯಾಗಿರುವುದರಿಂದ, ಸರಕಿನ ಪತ್ರದಲ್ಲಿ ಅದನ್ನು ಬಳಸದಿರುವುದು ಮೇಲು.

ತಿದ್ದಿದ ಪತ್ರ

ಮಿತ್ರರ ಕೋರಿಕೆಯಂತೆ ನಾನು ಬರೆದುಕೊಟ್ಟ ಮಾದರಿ ಇದು. ಅವರ ಗುಮಾಸ್ತರು ಈಗಲೂ ತಾರೀಖು-ಚೀಲಗಳ ಸಂಖ್ಯೆಯನ್ನು ಬದಲಿಸಿ ಇದನ್ನೇ ಕಳುಹಿಸುತ್ತಾರೆ.

‘ಆನ್ ಟ್ವೆಲ್ಫ್ತ್ ಜುಲೈ ವೀ ಹ್ಯಾಂಡೆಡ್ ಓವರ್ ಫಾರ್ಟಿ ಬ್ಯಾಗ್ಸ್, ಡ್ರೈ ಅಂಡ್ ಇನ್ ಗುಡ್ ಕಂಡಿಷನ್, ಟು ದ ಕ್ಯಾರಿಯರ್ ಅಪ್ರೂವ್ಡ್ ಬೈ ಯೂ. ದ ಲಾರಿ ರಿಸೀಟ್ ಈಸ್ ಎನ್‌ಕ್ಲೋಸ್ಡ್. ಆಸ್ ಅಗ್ರೀಡ್, ದ ರಿಸ್ಕ್ ಈಸ್ ಯುವರ್ಸ್ ಫ್ರಮ್ ದಟ್ ಡೇಟ್. ಪ್ಲೀಸ್ ಎಗ್ಸಾಮಿನ್ ದ ಬ್ಯಾಗ್ಸ್ ಬಿಫೋರ್ ಯೂ ಸೈನ್ ಫಾರ್ ದೆಮ್.’

ಅಂದರೆ: ಜುಲೈ 12ರಂದು ನಲವತ್ತು ಚೀಲಗಳನ್ನು ಒಣಗಿದ, ಸುಸ್ಥಿತಿಯಲ್ಲಿ, ತಾವು ಒಪ್ಪಿದ ಸಾಗಣೆದಾರರಿಗೆ ಒಪ್ಪಿಸಿದ್ದೇವೆ. ಲಾರಿ ರಸೀದಿ ಲಗತ್ತಿಸಿದೆ. ಕರಾರಿನಂತೆ ಆ ದಿನದಿಂದ ನಷ್ಟದ ಹೊಣೆ ತಮ್ಮದು. ಸಹಿ ಹಾಕುವ ಮೊದಲು ದಯವಿಟ್ಟು ಚೀಲಗಳನ್ನು ಪರೀಕ್ಷಿಸಿರಿ. ‘ಆಸ್ ಅಗ್ರೀಡ್’ ಎಂದು ಬರೆಯಬೇಕಾದರೆ ಮೊದಲೇ ಹಾಗೆ ಒಪ್ಪಿಕೊಂಡಿರಬೇಕು ಎಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ. ಹಾಗೆ ಒಪ್ಪದೆ ಈ ಸಾಲನ್ನು ಸೇರಿಸಿದರೆ ಪತ್ರಕ್ಕೆ ಉತ್ತರ ಬರುವುದು ವಕೀಲರಿಂದ.

ಅಭ್ಯಾಸ

ಕೆಳಗಿನ ವಾಕ್ಯಗಳನ್ನು ತಿದ್ದಿರಿ. ಉತ್ತರಗಳನ್ನು ನೋಡುವ ಮೊದಲು ಸ್ವಂತ ಪ್ರಯತ್ನ ನಡೆಯಲಿ.

1. ‘ವೀ ಹ್ಯಾಂಡೋವರ್ಡ್ ದ ಪೇಪರ್ಸ್ ಟು ದ ಬ್ಯಾಂಕ್ ಆನ್ ಮಂಡೇ.’
2. ‘ದ ಸ್ಯಾಂಪಲ್ ಈಸ್ ರೆಡಿ. ವೀ ಶಲ್ ಹ್ಯಾಂಡ್ ಓವರ್ ಇಟ್ ಟು ಯುವರ್ ಡ್ರೈವರ್.’
3. ‘ವೀ ಶಲ್ ಪಾಸ್ ಆಫ್ ದ ಡಿಸ್ಕೌಂಟ್ ಟು ಯೂ.’
4. ‘ಮೈ ಬ್ರದರ್ ಇನ್ ದುಬೈ ಹ್ಯಾಸ್ ಮೇಡ್ ಓವರ್ ದ ಶಾಪ್ ಟು ಮೀ ಬೈ ಪವರ್ ಆಫ್ ಅಟಾರ್ನಿ.’

ಉತ್ತರಗಳು: ಮೊದಲನೆಯದರಲ್ಲಿ ‘ಹ್ಯಾಂಡೆಡ್ ಓವರ್’. ಎರಡನೆಯದರಲ್ಲಿ ‘ಹ್ಯಾಂಡ್ ಇಟ್ ಓವರ್’. ಮೂರನೆಯದರಲ್ಲಿ ‘ಪಾಸ್ ಆನ್’. ನಾಲ್ಕನೆಯದರಲ್ಲಿ ವ್ಯಾಕರಣದ ತಪ್ಪಿಲ್ಲ, ಸಂಗತಿಯೇ ತಪ್ಪು. ‘ಹ್ಯಾಸ್ ಹ್ಯಾಂಡೆಡ್ ಓವರ್ ದ ಮ್ಯಾನೇಜ್‌ಮೆಂಟ್ ಆಫ್ ದ ಶಾಪ್ ಟು ಮೀ’ ಎಂದು ಬರೆಯಬೇಕು. ಅಂಗಡಿಯ ಮೇಲೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಈ ವ್ಯತ್ಯಾಸವನ್ನೇ.